ಬಡ ಮಗುವಿನ ಕೈಗೊಂದು ಲೇಖನಿ

ಹಿಜರಿ 2ನೇ ವರ್ಷ, ಕ್ರಿ.ಶ. 624. ಬದ್ರ್ ಯುದ್ಧ ಮುಗಿದಿತ್ತು. ಮಕ್ಕಾದ ಸುಮಾರು 70 ಮಂದಿ ಸೆರೆ ಸಿಕ್ಕಿದ್ದರು. ಅಂದಿನ ಮದೀನಾ ಬಡ ಪಟ್ಟಣ. ಮನೆಮಾರು ತೊರೆದು ಬಂದಿದ್ದ ಮುಹಾಜಿರ್‌ಗಳ ಕೈ ಬರಿದಾಗಿತ್ತು. ಸೆರೆಯಾಳುಗಳ ಬಿಡುಗಡೆಯಿಂದ ಬರುವ ಒಂದೊಂದು ದಿರ್ಹಮಿನ ಅಗತ್ಯವೂ ಆ ಸಮುದಾಯಕ್ಕಿತ್ತು. ಆದರೆ ಹಣ ಕೊಡಲು ಶಕ್ತಿಯಿಲ್ಲದ, ಓದುಬರಹ ಬಲ್ಲ ಸೆರೆಯಾಳುಗಳ ಮುಂದೆ ಪ್ರವಾದಿ(ಸ) ಇಟ್ಟ ಷರತ್ತು ಬೇರೆಯೇ ಆಗಿತ್ತು. ಅವರು ಮದೀನಾದ ಹತ್ತು ಮಕ್ಕಳಿಗೆ ಬರೆಯಲು ಕಲಿಸಬೇಕು. ಮಕ್ಕಳು ಕಲಿತರೆ ಬಿಡುಗಡೆ.

ಹೀಗೆ ಅಕ್ಷರ ಕಲಿತವರಲ್ಲಿ ಝೈದ್ ಬಿನ್ ಸಾಬಿತ್(ರ) ಕೂಡಾ ಒಬ್ಬರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಅವರು ಎಳವೆಯಲ್ಲೇ ತಂದೆಯನ್ನು ಕಳಕೊಂಡ ಬಾಲಕ. ಮುಂದೆ ಅವರು ದಿವ್ಯವಾಣಿಯ ಲಿಪಿಕಾರರಾದರು. ಹಝ್ರತ್ ಅಬೂಬಕರ್(ರ)ರ ಆಡಳಿತ ಕಾಲದಲ್ಲಿ ಪವಿತ್ರ ಕುರ್‌ಆನನ್ನು ಒಂದೆಡೆ ಬರೆದು ಸಂಗ್ರಹಿಸುವ ಹೊಣೆ ಅವರ ಹೆಗಲಿಗೇ ಬಂತು. ಒಂದು ಅನಾಥ ಮಗುವಿಗೆ ಅಕ್ಷರ ಸಿಕ್ಕಿದ್ದರಿಂದ ಲೋಕಕ್ಕೆ ಏನೆಲ್ಲಾ ಸಿಕ್ಕಿತೆಂದು ಯೋಚಿಸಿ ನೋಡಿರಿ.

ಇಲ್ಲಿ ಇನ್ನೊಂದು ಅಂಶವಿದೆ. ಸೆರೆಯಾಳುಗಳಿಂದ ಪ್ರವಾದಿ(ಸ) ಕೇಳಿದ್ದು ಬರೆಯುವ ಸಾಧನಗಳನ್ನಲ್ಲ. ಕಲಿಸುವವರನ್ನು ಕೇಳಿದರು. ಮಗು ಕಲಿತಿತೇ ಇಲ್ಲವೇ ಎಂಬುದನ್ನೇ ಬಿಡುಗಡೆಯ ಮಾನದಂಡ ಮಾಡಿದರು.

ಓದುವ ಆದೇಶದೊಂದಿಗೇ ಆರಂಭವಾದ, ಲೇಖನಿಯ ಮೂಲಕ ಮನುಷ್ಯನಿಗೆ ಜ್ಞಾನ ಕೊಟ್ಟವನು ಅಲ್ಲಾಹನೆಂದು ಮೊದಲ ಸೂಕ್ತಗಳಲ್ಲೇ ನೆನಪಿಸಿದ ಧರ್ಮ ನಮ್ಮದು. ಲೇಖನಿಯ ರೂಪ ಕಾಲಕಾಲಕ್ಕೆ ಬದಲಾಗಿದೆ. ಒಂದು ಕಾಲದಲ್ಲಿ ಅದು ಬಿದಿರಿನ ಕಡ್ಡಿ, ಮತ್ತೊಂದು ಕಾಲದಲ್ಲಿ ಸ್ಲೇಟು-ಬಳಪ. ಇಂದು ಅದು ಬಹುಮಟ್ಟಿಗೆ ಲ್ಯಾಪ್‌ಟಾಪ್. ವಿದ್ಯಾರ್ಥಿವೇತನಕ್ಕೂ ಸಿಇಟಿಗೂ ಅರ್ಜಿ ಹಾಕಬೇಕಾದುದು ಆನ್‌ಲೈನ್‌ನಲ್ಲೇ. ಉಳ್ಳವರ ಮಗು ಮನೆಯಲ್ಲೇ ಕುಳಿತು ಅದನ್ನು ಮುಗಿಸುತ್ತದೆ. ಬಡವರ ಮಗು ಸೈಬರ್ ಅಂಗಡಿಯ ಮುಂದೆ ಸರತಿಯಲ್ಲಿ ನಿಲ್ಲುತ್ತದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ನಗರಗಳಲ್ಲಿ ಪ್ರತಿ 100 ಮನೆಗಳ ಪೈಕಿ ಸುಮಾರು 23ರಲ್ಲಿ ಕಂಪ್ಯೂಟರ್ ಇತ್ತು. ಹಳ್ಳಿಗಳಲ್ಲಿ ಆ ಸಂಖ್ಯೆ 5ನ್ನೂ ಮುಟ್ಟಿರಲಿಲ್ಲ. ಎರಡು ವರ್ಷ ಕಳೆದು 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಈ ಅಂತರದ ಬೆಲೆ ತೆತ್ತವರು ಬಡ ಮಕ್ಕಳು.

ಬಡ ಮಕ್ಕಳಿಗೆ ಅಗ್ಗದ ಲ್ಯಾಪ್‌ಟಾಪ್ ಒದಗಿಸಬೇಕೆಂಬ ಆಲೋಚನೆ ಹೊಸತಲ್ಲ. 2005ರಲ್ಲಿ ಅಮೆರಿಕದ ನಿಕೋಲಸ್ ನೆಗ್ರೊಪೊಂಟೆ ಎಂಬವರು 100 ಡಾಲರಿನ ಲ್ಯಾಪ್‌ಟಾಪ್ ತಯಾರಿಸಿ, ಬಡ ದೇಶಗಳ ಮಕ್ಕಳಿಗೆ ತಲಾ ಒಂದರಂತೆ ತಲುಪಿಸುವ ಯೋಜನೆಯನ್ನು ಪ್ರಕಟಿಸಿದರು. ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಎಂದು ಅದರ ಹೆಸರು. ಹಸಿರು-ಬಿಳಿ ಬಣ್ಣದ ಆ ಪುಟ್ಟ ಯಂತ್ರ ಬಿಸಿಲಿನಲ್ಲೂ ಓದಲು ಬರುವಂತಿತ್ತು, ಧೂಳನ್ನೂ ತಾಳಿಕೊಳ್ಳುತ್ತಿತ್ತು. ಬೆಲೆ ಮಾತ್ರ 100 ಡಾಲರಿಗೆ ಇಳಿಯಲಿಲ್ಲ. 2007ರಲ್ಲಿ ತಯಾರಿಕೆ ಆರಂಭವಾದಾಗ ಅದು 190 ಡಾಲರಿನ ಹತ್ತಿರವಿತ್ತು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿನ ಜನರ ಮುಂದೆ ಒಂದು ಅವಕಾಶವನ್ನಿಡಲಾಯಿತು. 399 ಡಾಲರ್ ಕೊಟ್ಟವರಿಗೆ ಒಂದು ಯಂತ್ರ ಸಿಗುತ್ತದೆ, ಅಂಥದೇ ಇನ್ನೊಂದು ಬಡ ದೇಶದ ಮಗುವಿಗೆ ಹೋಗುತ್ತದೆ. ತನಗಾಗಿ ಬಯಸುವುದನ್ನೇ ತನ್ನ ಸಹೋದರನಿಗಾಗಿಯೂ ಬಯಸುವ ತನಕ ವಿಶ್ವಾಸ ಪೂರ್ಣವಾಗದು ಎಂಬ ಪ್ರವಾದಿವಚನವನ್ನು ಬಲ್ಲ ನಮಗೆ ಈ ವಿಚಾರ ಅಪರಿಚಿತವಾಗಬಾರದು.

ಆದರೆ ಮುಂದೇನಾಯಿತು? ದಕ್ಷಿಣ ಅಮೆರಿಕದ ಪೆರು ದೇಶದ ಸರಕಾರ ಇಂತಹ 8 ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಮಕ್ಕಳಿಗಾಗಿ ಖರೀದಿಸಿತು. ಅಲ್ಲಿನ 319 ಗ್ರಾಮೀಣ ಶಾಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2012ರಲ್ಲಿ ಹೊರಬಂತು. ಮಕ್ಕಳ ಸಾಮಾನ್ಯ ಬುದ್ಧಿಶಕ್ತಿಯಲ್ಲಿ ಅಲ್ಪ ಸುಧಾರಣೆ ಕಂಡಿತ್ತು. ಆದರೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅವರು ಮುಂದೆ ಬಂದಿರಲಿಲ್ಲ. ಆ ಶಾಲೆಗಳಿಗೆ ಯಂತ್ರ ಬಂದಿತ್ತು, ಇಂಟರ್‌ನೆಟ್ ಬಂದಿರಲಿಲ್ಲ. ಪಾಠದ ಜೊತೆ ಅದನ್ನು ಹೇಗೆ ಬೆರೆಸಬೇಕೆಂಬ ತರಬೇತಿ ಶಿಕ್ಷಕರಿಗೆ ಸಾಲದಾಗಿತ್ತು.

ಅದೇ ಖಂಡದ ಪುಟ್ಟ ದೇಶ ಉರುಗ್ವೆ 2007ರಲ್ಲಿ ಇದೇ ಯಂತ್ರದೊಂದಿಗೆ ‘ಪ್ಲಾನ್ ಸೈಬಲ್’ ಎಂಬ ಯೋಜನೆ ಆರಂಭಿಸಿತು. 2009ರ ಹೊತ್ತಿಗೆ ಸರಕಾರಿ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಅದು ತಲುಪಿತ್ತು. ಅಲ್ಲಿಯೂ ಅಂಕಗಳು ಕೂಡಲೇ ಏರಲಿಲ್ಲ. ಆದರೆ ಅವರು ಹಂಚಿ ಕೈತೊಳೆದುಕೊಳ್ಳಲಿಲ್ಲ. ಶಾಲೆಗಳಿಗೆ ಇಂಟರ್‌ನೆಟ್ ಕೊಟ್ಟರು, ಕೆಟ್ಟ ಯಂತ್ರಗಳ ರಿಪೇರಿಗೆ ವ್ಯವಸ್ಥೆ ಮಾಡಿದರು, ಇಂಗ್ಲಿಷ್ ಕಲಿಸುವ ಶಿಕ್ಷಕರಿಲ್ಲದ ತರಗತಿಗಳಿಗೆ ದೂರದ ಶಿಕ್ಷಕರನ್ನು ಪರದೆಯ ಮೇಲೆ ತಂದರು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಆ ವ್ಯವಸ್ಥೆ ಮೊದಲೇ ಸಿದ್ಧವಾಗಿತ್ತು. ಕೊಡುವುದು ಕೆಲಸದ ಆರಂಭವೇ ಹೊರತು ಕೊನೆಯಲ್ಲ ಎಂಬ ಪಾಠ ಈ ಎರಡು ದೇಶಗಳಲ್ಲಿದೆ.

ಇದನ್ನು ಬರೆಯುವ ನಾನು ಈ ಪಾಠವನ್ನು ದೂರದ ದೇಶದಿಂದ ಕಲಿತವನಲ್ಲ. 2020ರ ಮಳೆಗಾಲದಲ್ಲಿ ನಮ್ಮ ನೆರೆಯ ಸಹೋದರಿಯೊಬ್ಬರು ಮನೆಗೆ ಬಂದರು. ಬೀಡಿ ಕಟ್ಟಿ ಸಂಸಾರ ಸಾಗಿಸುವ ವಿಧವೆ. ಒಂಬತ್ತನೇ ತರಗತಿಯ ಮಗನಿಗೆ ಆನ್‌ಲೈನ್ ಪಾಠ, ಮನೆಯಲ್ಲಿ ಇದ್ದುದು ಒತ್ತುವ ಗುಂಡಿಗಳ ಹಳೆಯ ಮೊಬೈಲ್. ಕಪಾಟಿನಲ್ಲಿದ್ದ ನನ್ನ ಹಳೆಯ ಲ್ಯಾಪ್‌ಟಾಪನ್ನು ತೆಗೆದು ಕೊಟ್ಟೆ. ಅವರು ಕಣ್ತುಂಬಿ ಪ್ರಾರ್ಥಿಸಿದರು. ಒಂದು ಸತ್ಕರ್ಮ ನನ್ನ ಲೆಕ್ಕಕ್ಕೆ ಸೇರಿತೆಂದು ನೆಮ್ಮದಿಯಿಂದಿದ್ದೆ.

ಕೆಲವು ತಿಂಗಳ ಬಳಿಕ ಆ ಹುಡುಗ ಸಹಪಾಠಿಯ ಮನೆಯ ಜಗಲಿಯಲ್ಲಿ ಕುಳಿತು ಪಾಠವನ್ನು ಕೈಯಲ್ಲಿ ನಕಲು ಮಾಡುತ್ತಿರುವುದನ್ನು ಕಂಡೆ. ಲ್ಯಾಪ್‌ಟಾಪ್ ಏನಾಯಿತೆಂದು ಕೇಳಿದಾಗ ತಲೆ ತಗ್ಗಿಸಿ ಹೇಳಿದ: “ಕಾಕಾ, ಅದು ಚಾರ್ಜರ್ ಸಿಕ್ಕಿಸಿದರೆ ಮಾತ್ರ ಉರಿಯುತ್ತಿತ್ತು. ಈಗ ಅದೂ ಇಲ್ಲ. ನಿಮಗೆ ಹೇಳಬೇಡ, ಬೇಸರ ಮಾಡಿಕೊಳ್ಳುತ್ತಾರೆ ಅಂತ ಉಮ್ಮ ಹೇಳಿದ್ದಾರೆ.”

ಅಂದು ಸಂಜೆಯೇ ಆ ತಾಯಿ ಅದನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ತಂದರು. “ಬೇರೆ ಯಾರಿಗಾದರೂ ಉಪಯೋಗವಾದೀತು” ಎಂದರು. ನಾನು ಗುಜರಿಗೆ ಹಾಕಬೇಕಾದುದನ್ನು ಅವರಿಗೆ ಕೊಟ್ಟಿದ್ದೆ. ಅವರು ಅದನ್ನು ಅಮಾನತ್ತಿನಂತೆ ಕಾಪಾಡಿ ಹಿಂದಿರುಗಿಸಿದ್ದರು. ನಮ್ಮಿಬ್ಬರಲ್ಲಿ ಕೊಟ್ಟವರು ಯಾರು, ಪಡೆದವರು ಯಾರು? ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾವೇ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸಲಾರದ ಕಳಪೆ ವಸ್ತುವನ್ನು ಅಲ್ಲಾಹನ ಮಾರ್ಗದಲ್ಲಿ ಕೊಡಬಾರದೆಂದು ಅಲ್‌ಬಕರ ಅಧ್ಯಾಯ ಎಚ್ಚರಿಸುತ್ತದೆ. ನಾನು ಅದನ್ನು ಎಷ್ಟೋ ಸಲ ಪಠಿಸಿದ್ದೆ. ಕಪಾಟು ತೆರೆದಾಗ ಮಾತ್ರ ಅದು ನೆನಪಾಗಲಿಲ್ಲ.

ಸಹೋದರ ಸಹೋದರಿಯರೇ, ಹಳೆಯದನ್ನು ಕೊಡಬಾರದೆಂದು ಇದರ ಅರ್ಥವಲ್ಲ. ಕಪಾಟಿನಲ್ಲಿ ಕೊಳೆಯುತ್ತಿರುವುದನ್ನು ತಡೆದಿಟ್ಟುಕೊಳ್ಳುವುದೂ ತಪ್ಪೇ. ದಿನಬಳಕೆಯ ಸಣ್ಣಪುಟ್ಟ ವಸ್ತುಗಳನ್ನು ಕೂಡಾ ಇತರರಿಗೆ ಕೊಡಲೊಪ್ಪದವರ ನಮಾಝಿನ ಬಗ್ಗೆ ಅಲ್‌ಮಾಊನ್ ಅಧ್ಯಾಯ ಎಷ್ಟು ಕಠಿಣವಾಗಿ ಮಾತಾಡಿದೆ! ಕೊಡಿರಿ, ಆದರೆ ನಿಮ್ಮ ಮಗುವಿಗೆ ಕೊಡುವಂತೆ ಸಿದ್ಧಪಡಿಸಿ ಕೊಡಿರಿ. ಬ್ಯಾಟರಿ ಬದಲಿಸಿರಿ. ಚಾರ್ಜರ್ ಪರೀಕ್ಷಿಸಿರಿ. ನಿಮ್ಮ ಖಾಸಗಿ ಫೋಟೋ, ಕಡತಗಳನ್ನು ಅಳಿಸಿರಿ. ಉಚಿತವಾಗಿ ದೊರೆಯುವ ಲಿನಕ್ಸ್ ಹಾಕಿಸಿದರೆ ನಿಧಾನವಾಗಿರುವ ಎಷ್ಟೋ ಹಳೆಯ ಯಂತ್ರಗಳು ಮತ್ತೆ ಚುರುಕಾಗುತ್ತವೆ.

ಒಬ್ಬರಿಂದಾಗದ್ದು ಜಮಾಅತ್‌ನಿಂದ ಆಗುತ್ತದೆ. ನಮ್ಮ ಮೊಹಲ್ಲಾಗಳಲ್ಲಿ ಕಂಪ್ಯೂಟರ್ ಕಲಿತ ಯುವಕ ಯುವತಿಯರಿಗೆ ಕೊರತೆಯಿಲ್ಲ. ವಾರಕ್ಕೆ ಎರಡು ಗಂಟೆ ಬಿಡುವು ಮಾಡಿಕೊಂಡು ಅವರಲ್ಲೊಬ್ಬರು ಆ ಮಕ್ಕಳ ಜೊತೆ ಕುಳಿತರೆ ಸಾಕು. ಬದ್ರ್‌ನ ಸೆರೆಯಾಳುಗಳು ಮಾಡಿದ ಕೆಲಸ ಅದೇ. ಇಂಟರ್‌ನೆಟ್ಟಿನಲ್ಲಿ ಮಗು ಏನು ನೋಡುತ್ತಿದೆಯೆಂಬ ಕಾಳಜಿಗೂ ಆಗ ಒಬ್ಬ ಹಿರಿಯರು ಸಿಕ್ಕಂತಾಗುತ್ತದೆ. ಮಸೀದಿಯ ಪಕ್ಕದ ಕೋಣೆಯಲ್ಲಿ ಸಂಜೆ ಹೊತ್ತು ಕರೆಂಟು ಮತ್ತು ಇಂಟರ್‌ನೆಟ್ ಒದಗಿಸುವುದು ದೊಡ್ಡ ಖರ್ಚಲ್ಲ. ಇದರಲ್ಲಿ ಹೆಣ್ಣುಮಕ್ಕಳನ್ನು ಮರೆಯಬೇಡಿರಿ. ಮನೆಗೆ ಬಂದ ಒಂದೇ ಯಂತ್ರ ಅಣ್ಣನ ಪಾಲಾಗಿ ತಂಗಿ ಬರಿಗೈಯಲ್ಲಿ ಉಳಿಯುವುದು ನ್ಯಾಯವಲ್ಲ. ನೆರೆಮನೆಯ ಬಡ ಮಗು ಅನ್ಯಧರ್ಮೀಯನಾದರೂ ನೆರೆಯವನ ಹಕ್ಕು ಅವನಿಗಿದೆ.

ಝಕಾತ್‌ನ ಹಣದಿಂದ ಕೊಡುವವರು ಒಂದು ವಿಷಯ ಗಮನಿಸಬೇಕು. ಝಕಾತನ್ನು ಅರ್ಹ ಬಡವನ ಒಡೆತನಕ್ಕೇ ಒಪ್ಪಿಸಬೇಕೆಂಬುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಬಳಸಿ ಹಿಂದಿರುಗಿಸುವ ಷರತ್ತಿನ ಯಂತ್ರಗಳಿಗೆ ಸದಕದ ಹಣವನ್ನು ಬಳಸುವುದು ಲೇಸು. ಸಂದೇಹವಿದ್ದರೆ ನಿಮ್ಮ ಊರಿನ ವಿದ್ವಾಂಸರಲ್ಲಿ ಕೇಳಿರಿ.

ಕೊನೆಯದಾಗಿ, ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವರ ಮನ ನೋಯಿಸಿ ದಾನವನ್ನು ನಿಷ್ಫಲಗೊಳಿಸಬೇಡಿರಿ ಎಂಬುದು ಅಲ್ಲಾಹನ ಆದೇಶ. ಇಂದು ವೇದಿಕೆ ಹಾಕಿ, ಬಡ ಮಗುವನ್ನು ಸಾಲಿನಲ್ಲಿ ನಿಲ್ಲಿಸಿ, ಹತ್ತು ಮಂದಿ ಒಂದೇ ಲ್ಯಾಪ್‌ಟಾಪಿಗೆ ಕೈಹಚ್ಚಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಫೋಟೋ ಮರುದಿನ ಮಗುವಿನ ಸಹಪಾಠಿಗಳ ಮೊಬೈಲಿನಲ್ಲಿರುತ್ತದೆ. ಪ್ರೌಢಶಾಲೆಯ ಮಗುವಿಗೆ ತನ್ನ ಬಡತನವನ್ನು ಊರೆಲ್ಲಾ ನೋಡಿದ ಅವಮಾನ ಎಷ್ಟು ದಿನ ಕಾಡೀತು! ರಾತ್ರಿ ಇಶಾ ನಮಾಝಿನ ಬಳಿಕ ಮನೆಗೆ ಒಯ್ದು, ತಾಯಿಯ ಕೈಯಲ್ಲಿಟ್ಟು ಬನ್ನಿರಿ. ಅಲ್ಲಾಹನು ನೋಡಿದರೆ ಸಾಲದೇ?

ಮನುಷ್ಯ ಮರಣ ಹೊಂದಿದ ಬಳಿಕವೂ ಅವನಿಗೆ ಪ್ರತಿಫಲ ತಲುಪಿಸುವ ಕರ್ಮಗಳ ಪೈಕಿ ನಿರಂತರ ದಾನ ಮತ್ತು ಪ್ರಯೋಜನಕಾರಿ ಜ್ಞಾನವನ್ನು ಪ್ರವಾದಿ(ಸ) ಹೆಸರಿಸಿದ್ದಾರೆ. ಕಲಿಯುವ ಮಗುವಿಗೆ ಮಾಡಿದ ನೆರವಿನಲ್ಲಿ ಇವೆರಡೂ ಒಟ್ಟು ಸೇರುತ್ತವೆ. ಆ ಹುಡುಗನಿಗೆ ನಾನು ತಡವಾಗಿಯಾದರೂ ಒಳ್ಳೆಯದೊಂದನ್ನು ಒಯ್ದು ಕೊಟ್ಟೆ, ಕಲಿಸಲು ನನ್ನ ಮಗಳನ್ನೂ ಕಳಿಸಿದೆ. ಆದರೆ ಅವನು ಕಳಕೊಂಡ ಆ ತಿಂಗಳುಗಳನ್ನು ಹಿಂದಿರುಗಿಸುವ ಶಕ್ತಿ ನನಗಿಲ್ಲ. ಇಂದೇ ನಿಮ್ಮ ಕಪಾಟನ್ನು ತೆರೆದು ನೋಡಿರಿ. ಬಳಿಕ ನಿಮ್ಮ ನೆರೆಮನೆಯನ್ನೂ ನೋಡಿರಿ.

ಅಲ್ಲಾಹನು ನಮ್ಮ ದಾನಗಳ ಲೋಪಗಳನ್ನು ಕ್ಷಮಿಸಲಿ. ಬಡ ಮಕ್ಕಳ ಕಲಿಕೆಯ ಹಾದಿಯನ್ನು ಸುಗಮಗೊಳಿಸಲಿ. ಆ ಹಾದಿಯಲ್ಲಿ ನಮ್ಮನ್ನು ತಡೆಗಲ್ಲಾಗಿಸದೆ ಆಸರೆಯಾಗಿಸಲಿ. ಆಮೀನ್.