ತೋಟದ ಕಾವಲೂ ಅಳಿಲಿನ ಪಾಲೂ

ಕೊಕ್ಕೋ ಹಣ್ಣಾಗುವ ಕಾಲದಲ್ಲಿ ಪುತ್ತೂರು, ಸುಳ್ಯ ಕಡೆಯ ಅಡಿಕೆ ತೋಟಗಳಲ್ಲಿ ಬೆಳಿಗ್ಗೆ ತಿರುಗಾಡಿದವರು ಒಂದು ನೋಟವನ್ನು ಕಂಡೇ ಇರುವರು. ಹಿಂದಿನ ದಿನ ಹಳದಿಯಾಗಿ ತೂಗುತ್ತಿದ್ದ ಕಾಯಿಯ ನಡುವೆ ಒಂದು ತೂತು. ಒಳಗೆ ಬರೀ ಚಿಪ್ಪು. ಬುಡದಲ್ಲಿ ಚೆಲ್ಲಿದ ಬೀಜಗಳು. ಮೇಲಿನ ಕೊಂಬೆಯಲ್ಲಿ ಬಾಲವನ್ನೆತ್ತಿಕೊಂಡು ಕೂಗುವ ಅಳಿಲು. ವರುಷವಿಡೀ ಗೊಬ್ಬರ ಹೊತ್ತು ನೀರು ಹಾಯಿಸಿದವನಿಗೆ ಆ ಕೂಗು ಹಾಸ್ಯಮಾಡಿದ ಹಾಗೆಯೇ ಕೇಳುವದು. ಆಗ ಅವನ ಬಾಯಿಂದ ಬರುವ ಮೊದಲನೆಯ ಮಾತು, ಈ ಕಳ್ಳನನ್ನು ಕೊಲ್ಲದೆ ಬಿಡಬಾರದು ಎಂಬದೇ.

ಪ್ರಿಯ ವಾಚಕರೇ, ಈ ಮಾತು ನ್ಯಾಯವೋ ಅಲ್ಲವೋ ಎಂಬದನ್ನು ಈ ಸಾರಿ ನಾವು ಸ್ವಲ್ಪ ವಿಚಾರಿಸೋಣ. ಇದು ಅಲ್ಪ ಸಂಗತಿ ಎಂದು ಯಾರೂ ನೆನಸಬಾರದು. ದೊಡ್ಡ ಧಣಿಗೆ ಹತ್ತು ಕಾಯಿ ಹೋದರೆ ಲೆಕ್ಕಕ್ಕಿಲ್ಲ. ಅರ್ಧ ಎಕರೆಯ ವಿಧವೆಗೆ ಅದೇ ಹತ್ತು ಕಾಯಿ ಒಂದೆರಡು ದಿನದ ಅಕ್ಕಿ. ಆದಕಾರಣ ಹೊಟ್ಟೆ ತುಂಬಿದವನು ಹಸಿದವನಿಗೆ ದಯೆಯನ್ನು ಬೋಧಿಸಿದ ಹಾಗೆ ನಾವು ಬರೆಯಲಾರೆವು.

ಮೊದಲು, ಅಳಿಲು ಕಳ್ಳನೋ? ಇದು ಇನ್ನೊಬ್ಬನದು ಎಂದು ಬಲ್ಲವನಾಗಿದ್ದೂ ತೆಗೆಯುವವನನ್ನು ನಾವು ಕಳ್ಳನೆನ್ನುತ್ತೇವೆ. ಅಳಿಲಿಗೆ ಬೇಲಿಯೂ ತಿಳಿಯದು, ಪಹಣಿಯೂ ತಿಳಿಯದು. ಅಡಿಕೆ, ತೆಂಗು, ಕೊಕ್ಕೋ, ಮೆಣಸಿನ ಬಳ್ಳಿ ಒತ್ತಾಗಿ ಬೆಳೆದಿರುವ ತೋಟವು ಅದರ ಕಣ್ಣಿಗೆ ಹಣ್ಣು ತುಂಬಿದ ಒಂದು ಕಾಡೇ ಸರಿ. ಅದಲ್ಲದೆ ಕೊಕ್ಕೋ ಗಿಡವು ದಕ್ಷಿಣ ಅಮೇರಿಕದಿಂದ ಬಂದದ್ದು; ನಮ್ಮ ಸೀಮೆಯಲ್ಲಿ ಅಡಿಕೆಯ ನಡುವೆ ಅದನ್ನು ವಿಶೇಷವಾಗಿ ನೆಟ್ಟದ್ದು 1970ರ ದಶಕದಿಂದ ಈಚೆಗೆ. ಅಳಿಲಾದರೋ ಅದಕ್ಕಿಂತ ಬಹು ಪೂರ್ವದಿಂದ ಇಲ್ಲಿಯ ನಿವಾಸಿ. ನಾವೇ ಸಿಹಿಯನ್ನು ಅದರ ಮನೆಯ ಬಾಗಲಲ್ಲಿ ತೂಗಹಾಕಿ, ಅದು ತಿಂದಾಗ ಕಳ್ಳನೆಂದು ಕೂಗುವದು ಯಾವ ನ್ಯಾಯ? ಹಾಗಾದರೆ ನಷ್ಟವಾದದ್ದು ನಿಜ, ಅಪರಾಧವಾಗಲಿಲ್ಲ. ಅಪರಾಧವಿಲ್ಲದಲ್ಲಿ ಶಿಕ್ಷೆಗೂ ಹಗೆಗೂ ಸ್ಥಳವಿಲ್ಲ.

ಹೀಗಿರಲಾಗಿ ಕೈಕಟ್ಟಿ ಕೂತುಕೊಳ್ಳಬೇಕೋ? ಎಂದಿಗೂ ಇಲ್ಲ. ಮಕ್ಕಳ ಅನ್ನವನ್ನು ಕಾಯದವನು ದಯಾಳುವಲ್ಲ, ಸೋಮಾರಿ. ನೆರೆಯ ಕರುವು ಗದ್ದೆಗೆ ನುಗ್ಗಿದರೆ ನಾವು ಅದನ್ನು ಕೊಲ್ಲುವದಿಲ್ಲ, ಪೈರನ್ನು ಅದಕ್ಕೆ ಬಿಟ್ಟುಕೊಡುವದೂ ಇಲ್ಲ. ಓಡಿಸಿ ಬೇಲಿಯನ್ನು ಕಟ್ಟುತ್ತೇವೆ. ಕಾಯುವ ಕಷ್ಟವು ಬುದ್ಧಿಯುಳ್ಳವನ ಮೇಲೆ ಬೀಳತಕ್ಕದ್ದು, ಬುದ್ಧಿಯಿಲ್ಲದ್ದರ ಮೇಲೆ ಅಲ್ಲ. ನಾವು ಹೇಳಬೇಕೆಂದಿರುವದರ ಸಾರವು ಇದೇ.

ಕಾಯುವವನು ಮೊದಲು ಕಣ್ಣಿಟ್ಟು ನೋಡಬೇಕು. ಕೊಕ್ಕೋ ಕಾಯಿಯ ತೊಟ್ಟಿನ ಬಳಿಯಲ್ಲಿ ಕೊರೆದಿದ್ದರೆ ಅದು ಸಾಧಾರಣವಾಗಿ ಇಲಿಯ ಕೆಲಸ. ನಡುವೆ ಕೊರೆದಿದ್ದರೆ ಅಳಿಲಿನದು. ಇಲಿಯು ಎಳೆಯದನ್ನೂ ಬಲಿತದ್ದನ್ನೂ ಕೆಡಿಸುವದು. ಅಳಿಲು ಹಣ್ಣಾದದ್ದನ್ನು ಮಾತ್ರ ಮುಟ್ಟಿ, ಬೀಜದ ಸುತ್ತಲಿರುವ ಸಿಹಿ ತಿರುಳನ್ನು ತಿನ್ನುವದು. ಇದನ್ನು ತಿಳಿದವನಿಗೆ ಅರ್ಧ ಔಷಧವು ಸಿಕ್ಕಿತು. ಯಾಕಂದರೆ ಹಣ್ಣನ್ನು ಹತ್ತು ಹದಿನೈದು ದಿನಕ್ಕೊಮ್ಮೆ ತಪ್ಪದೆ ಕೊಯ್ಯುವ ತೋಟದಲ್ಲಿ ಅಳಿಲಿಗೆ ಸಿಕ್ಕುವದು ಕಡಿಮೆ. ತಿಂಗಳುಗಟ್ಟಲೆ ಮರದಲ್ಲೇ ಬಿಟ್ಟವನು ತಾನೇ ಔತಣಕ್ಕೆ ಕರೆದ ಹಾಗಾಯಿತು. ಕೈಗೆಟಕುವ ಕಾಯಿಗಳಿಗೆ ಸಣ್ಣ ತೂತುಗಳುಳ್ಳ ಪ್ಲಾಸ್ಟಿಕ್ ಚೀಲವನ್ನು ತೊಡಿಸಿ, ಅದರ ಮೇಲೆ ಡಾಂಬರು ಸವರುವದುಂಟು. ತೆಂಗಿನ ಮರಕ್ಕೆ ಆಳೆತ್ತರದ ಮೇಲೆ ಒಂದು ಮೊಳದಷ್ಟು ಅಗಲದ ತಗಡನ್ನು ಸುತ್ತಿದರೆ ಇಲಿಯು ಜಾರಿ ಬೀಳುವದು. ಆದರೆ ಮರದ ಗರಿಗಳು ಒಂದಕ್ಕೊಂದು ತಾಕುತ್ತಿದ್ದರೆ ತಗಡು ವ್ಯರ್ಥ. ಎಳೆಯ ಸಸಿಗಳಿಗೂ ತರಕಾರಿಯ ಸಾಲುಗಳಿಗೂ ಹಳೆಯ ಮೀನಿನ ಬಲೆಯು ಒಳ್ಳೇ ಕಾವಲು. ಇವೆಲ್ಲಾ ಬೆವರಿನ ಕೆಲಸವೆಂಬದು ನಿಜವೇ. ಆದರೂ ಇವುಗಳಿಂದ ಯಾವ ಜೀವಕ್ಕೂ ಕೇಡಿಲ್ಲ.

ಬೆವರನ್ನು ಉಳಿಸುವದಕ್ಕಾಗಿ ಜನರು ಹಿಡಿಯುವ ಬೇರೆ ಮೂರು ದಾರಿಗಳುಂಟು. ಒಂದನೆಯದು ವಿಷ. ವಿಷ ತಿಂದ ಇಲಿಯು ಕೂಡಲೆ ಸಾಯದೆ ಕೆಲವು ದಿನ ತೂರಾಡುತ್ತಿರುವಾಗ ಗೂಬೆಯೋ ಬೆಕ್ಕೋ ಅದನ್ನು ಹಿಡಿದು ತಿಂದು ತಾನೂ ಕೆಡುವದು. ಸಂಬಳವಿಲ್ಲದೆ ರಾತ್ರಿಯೆಲ್ಲಾ ಇಲಿ ಹಿಡಿಯುವ ಕಾವಲುಗಾರರನ್ನು ಹೀಗೆ ನಾವೇ ಕೊಂದ ಹಾಗಾಗುವದು. ಚೀನ ದೇಶದಲ್ಲಿ 1958ರಲ್ಲಿ ಧಾನ್ಯ ತಿನ್ನುವ ಗುಬ್ಬಚ್ಚಿಗಳನ್ನು ನಿರ್ಮೂಲಮಾಡಬೇಕೆಂದು ಜನರನ್ನೆಲ್ಲಾ ಎಬ್ಬಿಸಿದರು. ಗುಬ್ಬಚ್ಚಿ ಹೋದ ಮೇಲೆ ಅವು ತಿನ್ನುತ್ತಿದ್ದ ಹುಳಗಳು ಹೆಚ್ಚಿ ಪೈರು ಕೆಟ್ಟದ್ದರಿಂದ, 1960ರಲ್ಲಿ ಆ ಅಪ್ಪಣೆಯನ್ನು ಹಿಂದೆಗೆಯಬೇಕಾಯಿತು. ಎರಡನೆಯದು, ಕಾಡುಹಂದಿಗೆಂದು ಬೇಲಿಯ ತಂತಿಗೆ ವಿದ್ಯುತ್ತನ್ನು ನೇರವಾಗಿ ಹರಿಸುವದು. ಕತ್ತಲೆಯಲ್ಲಿ ಆ ತಂತಿಯು ಹಂದಿಯೋ, ಆನೆಯೋ, ಸೌದೆಗೆ ಹೋದ ನೆರೆಯವನ ಮಗುವೋ ಎಂದು ಕೇಳುವದಿಲ್ಲ. ಇದು ಸರಕಾರದ ಕಾನೂನಿನಲ್ಲಿಯೂ ಅಪರಾಧ, ಮನಸ್ಸಾಕ್ಷಿಯ ಮುಂದೆಯೂ ಅಪರಾಧ.

ಮೂರನೆಯದು ನೋಡುವದಕ್ಕೆ ಬಹು ಸಾಧುವಾದದ್ದು. ಮಂಗಗಳನ್ನು ಬೋನಿನಲ್ಲಿ ಹಿಡಿಸಿ, ರಾತ್ರಿ ಗಾಡಿಯಲ್ಲಿ ಹೇರಿ, ದೂರದ ಊರಿನ ಹತ್ತಿರ ಬಿಟ್ಟು ಬರುವದು. ನಾವು ಕೊಲ್ಲಲಿಲ್ಲವಲ್ಲಾ ಎಂದು ಸಮಾಧಾನ ಹೇಳಿಕೊಳ್ಳುವರು. ಆದರೆ ಗುರುತಿಲ್ಲದ ನೆಲದಲ್ಲಿ ಇಳಿಸಲ್ಪಟ್ಟ ಮಂಗಗಳು ಅಲ್ಲಿಯ ಮನೆಯ ಹೆಂಚನ್ನೇ ಮೊದಲು ತೆಗೆಯುವವು. ನಮ್ಮ ಕಷ್ಟವು ಹೋಗಲಿಲ್ಲ. ನಮಗಿಂತ ಬಡವನ ತಲೆಯ ಮೇಲೆ ಕೂತಿತು. ತನ್ನ ಅಂಗಳವನ್ನು ಗುಡಿಸಿ ಕಸವನ್ನು ನೆರೆಯವನ ಬಾಗಲಿಗೆ ಹಾಕುವವನನ್ನು ನಾವು ಶುಚಿಯುಳ್ಳವನೆನ್ನುತ್ತೇವೋ?

ಇಲ್ಲಿ ಒಬ್ಬನು ಎದ್ದು ಕೇಳಬಹುದು: ಬಲೆ ಹಾಕಿದೆವು, ತಗಡು ಸುತ್ತಿದೆವು, ಮಕ್ಕಳನ್ನು ಶಾಲೆ ಬಿಡಿಸಿ ಕಾವಲಿಗೆ ಕೂರಿಸಿದೆವು, ಆದರೂ ಹಿಂಡು ಬಂದು ಒಂದೇ ತಾಸಿನಲ್ಲಿ ಎಲ್ಲಾ ಮುಗಿಸಿತು, ಈಗ ಏನು ಹೇಳುತ್ತೀರಿ? ಈ ಪ್ರಶ್ನೆಗೆ ಹಗುರವಾದ ಉತ್ತರವಿಲ್ಲ. ಮನೆಯ ಕಣಜಕ್ಕೆ ನುಗ್ಗಿದ ಇಲಿಯನ್ನು ಬೋನಿಟ್ಟು ಬೇಗನೆ ಕೊಂದವನನ್ನು ನಾವು ದೂಷಿಸೆವು. ಆದರೆ ಕಾಡಿನ ಮೃಗಪಕ್ಷಿಗಳ ವಿಷಯದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನುಂಟು. ನವಿಲನ್ನೂ ಮಂಗನನ್ನೂ ಕೊಲ್ಲಬಾರದು. ಬೇರೆಯವುಗಳ ಸಂಗತಿಯನ್ನು ಅರಣ್ಯ ಇಲಾಖೆಯವರಲ್ಲಿ ವಿಚಾರಿಸದೆ ಕೈಹಾಕಬಾರದು. ಹಾಗಾದರೆ ಬಡವನಿಂದ ಕಾನೂನು ಕೇಳುವದು ದೊಡ್ಡದು. ದೊಡ್ಡದನ್ನು ಅವನೊಬ್ಬನ ಮೇಲೆಯೇ ಹೊರಿಸುವದು ಊರಿಗೆ ನಾಚಿಕೆ.

ನವಿಲಿನ ಚಂದವನ್ನು ಊರೆಲ್ಲಾ ನೋಡುವದು. ಅದಕ್ಕೆ ಉಣಿಸುವವನು ಮಾತ್ರ ಗುಡ್ಡದ ಅಂಚಿನ ಒಬ್ಬ ಒಕ್ಕಲು. ಇದು ಸಮವೋ? ಹಿಂದೆ ಇಸ್ರಾಯೇಲ್ಯರಿಗೆ ಕೊಡಲ್ಪಟ್ಟ ನ್ಯಾಯದಲ್ಲಿ, ಏಳನೆಯ ವರುಷ ಭೂಮಿಯನ್ನು ಬಿತ್ತದೆ ಬಿಟ್ಟು ಅಲ್ಲಿ ಬೆಳೆದದ್ದನ್ನು ಬಡವರೂ, ಅವರು ಬಿಟ್ಟದ್ದನ್ನು ಕಾಡುಮೃಗಗಳೂ ತಿನ್ನಬೇಕೆಂದು ವಿಧಿಯಿತ್ತು. ಬಡವರನ್ನು ಮೊದಲು, ಮೃಗವನ್ನು ತರುವಾಯ ಹೇಳಿದ್ದನ್ನು ಗಮನಿಸಿರಿ. ಮೃಗದ ಪಾಲನ್ನು ಬಡವನ ಬಟ್ಟಲಿನಿಂದ ತೆಗೆಯಬೇಕೆಂದು ಅಲ್ಲಿ ಇಲ್ಲ.

ಆದದರಿಂದ ಹತ್ತು ಮನೆಯವರು ಸರದಿಯಿಂದ ಕಾವಲು ಕೂತುಕೊಳ್ಳಲಿ. ಯಾರ ಮಗುವೂ ಶಾಲೆ ಬಿಡಬೇಕಾಗದು. ಕಾಡಾನೆ, ಕಾಡುಹಂದಿಗಳಿಂದ ಬೆಳೆ ಹೋದವನಿಗೆ ಪರಿಹಾರದ ಅರ್ಜಿಯನ್ನು ಬರೆಯಲು ತಿಳಿಯದಿದ್ದರೆ, ಓದು ಬಲ್ಲವನು ಬರೆದುಕೊಡಲಿ. ತೆಂಗು ನೂರಿರುವವನು ಎರಡು ಮರ ಅಳಿಲಿಗೆ ಹೋಯಿತೆಂದು ಗೊಣಗದಿರಲಿ. ಎರಡೇ ಇರುವವಳ ಮರಕ್ಕೆ ತಗಡು ಸುತ್ತಿಕೊಡಲಿ.

ನಾಳೆ ಬೆಳಿಗ್ಗೆ ತೂತಾದ ಕಾಯಿಯನ್ನು ಕಂಡಾಗ ಕಲ್ಲನ್ನು ಎತ್ತುವದಕ್ಕೆ ಮುಂಚೆ ಕಾಯಿಯನ್ನು ತಿರುಗಿಸಿ ನೋಡೋಣ. ತೂತು ತೊಟ್ಟಿನಲ್ಲಿಯೋ ನಡುವೆಯೋ? ಕೊಯ್ಯಬೇಕಾದ ದಿನವು ದಾಟಿಹೋಗಿತ್ತೋ? ನೆರೆಯವರ ತೋಟದ ಗತಿ ಏನು? ಇಷ್ಟನ್ನು ಕೇಳಿಕೊಳ್ಳುವಷ್ಟರಲ್ಲಿ ಕೋಪವು ಇಳಿಯುವದು, ಕೈಗೆ ಕೆಲಸವು ಸಿಕ್ಕುವದು.