ಸಾರಥಿಯೇ ಸೋಲು ಬಯಸಿದರೆ

2015ರ ಮಾರ್ಚ್ 26ರ ರಾತ್ರಿ. ಅಮೆರಿಕದ ಬಫಲೋ ಊರಿನಲ್ಲಿ ಐಸ್ ಹಾಕಿ ಪಂದ್ಯ. ಊರ ತಂಡ ಸೇಬರ್ಸ್‌ಗೆ ಎದುರಾಳಿ ಅರಿಜೋನಾ ಕೊಯೋಟೀಸ್. ನಿಗದಿತ ಅವಧಿ ಮುಗಿದಾಗ 3–3 ಸಮಬಲ. ಹೆಚ್ಚುವರಿ ಅವಧಿಯಲ್ಲಿ ಅರಿಜೋನಾದ ಸ್ಯಾಮ್ ಗಾನ್ಯೇ ಗೋಲು ಹೊಡೆದು ಪಂದ್ಯ ಮುಗಿಸಿದರು. ಗ್ಯಾಲರಿಯಲ್ಲಿ ಕೇಕೆ, ಚಪ್ಪಾಳೆ. ತಟ್ಟಿದವರು ಬಫಲೋದವರೇ, ದುಡ್ಡು ಕೊಟ್ಟು ಟಿಕೆಟ್ ತಗೊಂಡು ಒಳಗೆ ಬಂದವರೇ. ಸದ್ಯ, ನಮ್ಮವರು ಸೋತರಲ್ಲ ಎಂಬ ಖುಷಿ ಅವರಿಗೆ. ಆ ಸದ್ದು ತಮಗೆ ಎಷ್ಟು ನೋವು ಕೊಟ್ಟಿತೆಂದು ಸೇಬರ್ಸ್ ಆಟಗಾರರು ಆಮೇಲೆ ಪತ್ರಕರ್ತರ ಮುಂದೆ ಹೇಳಿಕೊಂಡರು.

ಈ ವಿಪರೀತಕ್ಕೆ ಕಾರಣ ಹದಿನೆಂಟು ವರ್ಷದ ಒಬ್ಬ ಹುಡುಗ, ಕಾನರ್ ಮೆಕ್‌ಡೇವಿಡ್. ಆ ತಲೆಮಾರಿನಲ್ಲೇ ಅಂಥ ಆಟಗಾರ ಇನ್ನೊಬ್ಬನಿಲ್ಲ ಎಂದು ಆಗಲೇ ಹೆಸರು ಮಾಡಿದ್ದವನು. ನಮ್ಮ ಐಪಿಎಲ್‌ನಲ್ಲಿ ಆಟಗಾರರು ಹರಾಜಿಗೆ ಬರುತ್ತಾರೆ, ಯಾರು ಹೆಚ್ಚು ಕೂಗುತ್ತಾರೋ ಅವರ ಪಾಲಾಗುತ್ತಾರೆ. ಅಮೆರಿಕ, ಕೆನಡಾಗಳ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನಲ್ಲಿ ಹೊಸಬರನ್ನು ಹಂಚುವ ಕ್ರಮವೇ ಬೇರೆ. 1963ರಿಂದ ನಡೆದು ಬಂದಿರುವ ಆ ಹಂಚಿಕೆಗೆ ಡ್ರಾಫ್ಟ್ ಎಂದು ಹೆಸರು. ಪಟ್ಟಿಯಲ್ಲಿ ಯಾರು ಕೆಳಗಿದ್ದಾರೋ ಅವರಿಗೆ ಮೊದಲ ಆಯ್ಕೆ ಎಂಬುದು ಅದರ ಮೂಲ ಲೆಕ್ಕ. ದುರ್ಬಲನಿಗೆ ಕೈ ಆಸರೆ ಕೊಟ್ಟರೆ ಲೀಗ್ ಸಮತೂಕದಲ್ಲಿರುತ್ತದೆ ಎಂಬ ಸದುದ್ದೇಶ ಇದರ ಹಿಂದಿದೆ. ಆದರೆ ಕೊನೆಯ ಸ್ಥಾನಕ್ಕೆ ಬಹುಮಾನ ಇಟ್ಟರೆ ಕೊನೆಯ ಸ್ಥಾನಕ್ಕೂ ಪೈಪೋಟಿ ಹುಟ್ಟುತ್ತದೆ. ಬೇಕಂತಲೇ ಸೋಲುವ ಆ ಹೂಟಕ್ಕೆ ಅಲ್ಲಿನವರು ಟ್ಯಾಂಕಿಂಗ್ ಎನ್ನುತ್ತಾರೆ. ಅಂದು ಪಟ್ಟಿಯ ಕೊನೆಯಲ್ಲಿದ್ದದ್ದು ಬಫಲೋ, ಅರಿಜೋನಾ ಕೊನೆಯಿಂದ ಎರಡನೆಯದು. ಹಾಗಾಗಿ ಆ ಪಂದ್ಯದಲ್ಲಿ ಗೆದ್ದ ಅರಿಜೋನಾ ಒಂದರ್ಥದಲ್ಲಿ ಸೋತಿತು.

‘ತಂಡ ಬೇಕಂತಲೇ ಸೋತಿತು’ ಎನ್ನುತ್ತೇವೆ. ಈ ವಾಕ್ಯದ ಕರ್ತೃ ಯಾರು? ವ್ಯಾಕರಣದ ಪ್ರಶ್ನೆಯಂತೆ ಕಂಡರೂ ಇಡೀ ವಿವಾದದ ಗಂಟು ಇಲ್ಲೇ ಇದೆ. ಮಂಜಿನ ಮೇಲೆ ಇಳಿದ ಯಾವ ಆಟಗಾರನೂ ಸೋಲಲೆಂದು ಆಡುವುದಿಲ್ಲ. ಅವನ ಮುಂದಿನ ಕಾಂಟ್ರಾಕ್ಟ್ ಇವತ್ತಿನ ಆಟದ ಮೇಲಿದೆ. ಅಲ್ಲದೆ, ತಂಡ ಸೋತು ಗಳಿಸುವ ಆ ಹುಡುಗ ಬಂದು ಕೂರುವುದು ಇವನದೇ ಜಾಗದಲ್ಲಿ. ತನ್ನ ಕೆಲಸ ಕಿತ್ತುಕೊಳ್ಳುವವನನ್ನು ಕರೆತರಲು ಯಾರಾದರೂ ಬೆವರು ಸುರಿಸುತ್ತಾರೆಯೇ? ಕೋಚ್ ಕೂಡ ಅಷ್ಟೆ, ಸೋತರೆ ಮೊದಲು ಹೋಗುವುದು ಅವನ ತಲೆ. ಬಫಲೋದ ಕೋಚ್ ಟೆಡ್ ನೋಲನ್ ಅವರನ್ನು ಆ ಋತು ಮುಗಿದೊಡನೆ ಮನೆಗೆ ಕಳಿಸಿದರು. ಸೋಲನ್ನು ಬಯಸುವವರು ಮೇಲೆ, ಗಾಜಿನ ಕೋಣೆಯಲ್ಲಿ ಕೂತಿರುತ್ತಾರೆ. ಅವರು ಸ್ಕೇಟ್ ಕಟ್ಟುವುದಿಲ್ಲ. ಗೆಲ್ಲಲಾಗದ ತಂಡವನ್ನು ಕಟ್ಟಿ, ಗೆಲ್ಲಿ ಎಂದು ಬೆನ್ನು ತಟ್ಟಿ ಕೆಳಗೆ ಕಳಿಸುತ್ತಾರೆ.

ಕಟ್ಟುವ ಬಗೆ ಹೇಗೆ? 1984ರ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಕತೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ವರ್ಷ ಕ್ವಿಬೆಕ್‌ನ ಜೂನಿಯರ್ ಲೀಗ್‌ನಲ್ಲಿ ಮಾರಿಯೋ ಲೆಮ್ಯೂ ಎಂಬ ಹುಡುಗ 70 ಪಂದ್ಯಗಳಲ್ಲಿ 133 ಗೋಲು ಹೊಡೆದು, ಒಟ್ಟು 282 ಅಂಕ ಗಳಿಸಿ ಎಲ್ಲರ ನಿದ್ದೆ ಕೆಡಿಸಿದ್ದ. ಪಿಟ್ಸ್‌ಬರ್ಗ್‌ನಲ್ಲಿ ಜನ ಪಂದ್ಯಕ್ಕೇ ಬರುತ್ತಿರಲಿಲ್ಲ. ತಂಡ ಊರಲ್ಲಿ ಉಳಿಯುತ್ತದೋ ಇಲ್ಲವೋ ಎಂಬಂತಿತ್ತು. ಕೊನೆಯ ಸ್ಥಾನಕ್ಕೆ ನ್ಯೂಜೆರ್ಸಿ ಡೆವಿಲ್ಸ್ ಪೈಪೋಟಿ ಕೊಡುತ್ತಿತ್ತು. ಮಾರ್ಚ್‌ನಲ್ಲಿ ಪೆಂಗ್ವಿನ್ಸ್ ತನ್ನ ಅತ್ಯುತ್ತಮ ರಕ್ಷಣಾ ಆಟಗಾರ ರ‍್ಯಾಂಡಿ ಕಾರ್ಲೈಲ್ ಅವರನ್ನು ವಿನಿಪೆಗ್‌ಗೆ ಕೊಟ್ಟುಬಿಟ್ಟಿತು. ಚೆನ್ನಾಗಿ ಆಡುತ್ತಿದ್ದ ಗೋಲಿ (ಗೋಲು ಕಾಯುವವ) ರಾಬರ್ಟೊ ರೊಮಾನೊ ಅವರನ್ನು ಕೆಳಹಂತದ ತಂಡಕ್ಕೆ ಇಳಿಸಿ, ಅವರ ಜಾಗಕ್ಕೆ ವಿನ್ಸೆಂಟ್ ಟ್ರೆಂಬ್ಲೆಯನ್ನು ಕರೆಸಿದರು. ಟ್ರೆಂಬ್ಲೆ ನಾಲ್ಕು ಪಂದ್ಯ ಆಡಿದರು, ನಾಲ್ಕೂ ಸೋತರು, 24 ಗೋಲು ಬಿಟ್ಟರು. ಪಿಟ್ಸ್‌ಬರ್ಗ್ 38 ಅಂಕದೊಂದಿಗೆ ಕೊನೆಯಲ್ಲಿ ನಿಂತಿತು, ನ್ಯೂಜೆರ್ಸಿಗೆ 41. ಮೂರೇ ಮೂರು ಅಂಕದ ಅಂತರದಲ್ಲಿ ಲೆಮ್ಯೂ ಸಿಕ್ಕಿದ. ಇದೊಂದು ಹೂಟವೆಂದು ಆಗಿನ ಕೋಚ್ ಲೂ ಆಂಗೊಟ್ಟಿ ವರ್ಷಗಳ ನಂತರ ಹೆಚ್ಚುಕಡಿಮೆ ಒಪ್ಪಿಕೊಂಡರು. ಮ್ಯಾನೇಜರ್ ಎಡ್ಡಿ ಜಾನ್‌ಸ್ಟನ್ ಒಪ್ಪಲಿಲ್ಲ.

ಬಫಲೋ 2015ರಲ್ಲಿ ಮಾಡಿದ್ದನ್ನೂ ನೋಡಿ: ಫೆಬ್ರವರಿಯಲ್ಲಿ ಒಬ್ಬ ಗೋಲಿಯನ್ನು ಡಲ್ಲಾಸ್‌ಗೆ ಕೊಟ್ಟರು, ಮಾರ್ಚ್‌ನಲ್ಲಿ ಇನ್ನೊಬ್ಬನನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ. ಕೋಟೆ ಬೀಳಿಸಬೇಕಾದವರು ಮೊದಲು ಬಾಗಿಲು ಕಾಯುವವನನ್ನೇ ಹುಡುಕುತ್ತಾರೆ.

ನಮಗೆ ಇದು ಹೊಸ ಕತೆಯೇನಲ್ಲ. ಕರ್ಣನ ರಥಕ್ಕೆ ಶಲ್ಯ ಸಾರಥಿಯಾಗಿ ಕೂತಾಗ ಕುದುರೆಗಳನ್ನು ಚೆನ್ನಾಗಿಯೇ ಓಡಿಸಿದ. ಯುದ್ಧದ ನಿಯಮ ಯಾವುದನ್ನೂ ಮುರಿಯಲಿಲ್ಲ. ಆದರೆ ಕರ್ಣನ ತೇಜಸ್ಸನ್ನು ಕುಗ್ಗಿಸುತ್ತೇನೆಂದು ಅವನು ಮೊದಲೇ ಧರ್ಮರಾಯನಿಗೆ ಮಾತು ಕೊಟ್ಟಿದ್ದ. ಬಾಣ ಬಿಡುವವನು ಗೆಲ್ಲಲು ಹೋರಾಡುತ್ತಿದ್ದಾನೆ, ಲಗಾಮು ಹಿಡಿದವನಿಗೆ ಸೋಲು ಬೇಕಾಗಿದೆ, ಇಬ್ಬರೂ ಒಂದೇ ರಥದಲ್ಲಿದ್ದಾರೆ. ಟ್ಯಾಂಕಿಂಗ್ ಅಂದರೆ ಇದೇ. ಶಲ್ಯನ ಪರವಾಗಿ ಒಂದು ಮಾತು ಹೇಳಬಹುದು: ಅವನನ್ನು ದುರ್ಯೋಧನ ಉಪಚಾರದ ಬಲೆಯಲ್ಲಿ ಕೆಡವಿ ತನ್ನ ಕಡೆಗೆ ಎಳೆದುಕೊಂಡಿದ್ದ. ಹಾಕಿ ಮ್ಯಾನೇಜರನಿಗೆ ಆ ನೆಪವೂ ಇಲ್ಲ.

ಟ್ಯಾಂಕಿಂಗ್ ಪರ ವಾದಿಸುವವರು ಮೂರ್ಖರೇನಲ್ಲ. ಅವರ ಅತ್ಯಂತ ಗಟ್ಟಿಯಾದ ವಾದ ಚದುರಂಗದಿಂದ ಬರುತ್ತದೆ. ರಾಜನನ್ನು ಕಟ್ಟಿಹಾಕಲು ಕಾಲಾಳನ್ನು ಬಲಿ ಕೊಡುತ್ತೇವೆ. ಅದನ್ನು ಯಾರೂ ಮೋಸ ಎನ್ನುವುದಿಲ್ಲ, ಜಾಣತನ ಎನ್ನುತ್ತಾರೆ. ಹಾಗೆಯೇ ಹತ್ತು ವರ್ಷದ ದೊಡ್ಡ ಆಟದಲ್ಲಿ ಒಂದು ಋತು ಒಂದು ಕಾಲಾಳು. ತತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರಲ್ಲಿ ‘ದಿ ಗ್ರಾಸ್‌ಹಾಪರ್’ ಎಂಬ ಪುಸ್ತಕದಲ್ಲಿ ಆಟ ಅಂದರೇನು ಎಂದು ಕೇಳಿದರು. ಅವರ ಉತ್ತರದ ಸಾರ ಇಷ್ಟು: ಚೆಂಡು ಕುಳಿಗೆ ಬೀಳುವುದೇ ಮುಖ್ಯವಾಗಿದ್ದರೆ ಗಾಲ್ಫ್ ಆಡುವವನು ಅದನ್ನು ಕೈಯಲ್ಲಿ ಒಯ್ದು ಹಾಕಬಹುದಿತ್ತು, ಬೇಕಿಲ್ಲದ ಅಡ್ಡಿಯನ್ನು ತಾನಾಗಿ ಮೈಮೇಲೆ ಹಾಕಿಕೊಂಡು ದಾಟಲು ಒದ್ದಾಡುವುದರಲ್ಲೇ ಆಟ ಹುಟ್ಟುತ್ತದೆ. ಈ ಮಾತನ್ನು ಒಪ್ಪಿಕೊಂಡೇ ಟ್ಯಾಂಕಿಂಗ್‌ವಾದಿ ಹೇಳಬಲ್ಲ: ನಾನೂ ಒದ್ದಾಡುತ್ತಿದ್ದೇನೆ, ನನ್ನ ಅಡ್ಡಿ ದೊಡ್ಡದು, ನನ್ನ ಬೋರ್ಡು ದೊಡ್ಡದು, ಅಷ್ಟೇ.

ಈ ವಾದದ ಮುಂದೆ ನಾನು ಬಹಳ ಹೊತ್ತು ತಡವರಿಸಿದ್ದೇನೆ. ಕೊನೆಗೆ ಹೊಳೆದದ್ದು ತೀರ ಸರಳ. ಚದುರಂಗದ ಕಾಲಾಳು ಮರದ್ದು. ಟ್ರೆಂಬ್ಲೆ ಮನುಷ್ಯ. ರೈತ ಹಸಿದುಕೊಂಡು ಬಿತ್ತನೆ ಬೀಜ ಉಳಿಸಿದರೆ ಅವನು ಕಟ್ಟಿಕೊಂಡದ್ದು ತನ್ನ ಹೊಟ್ಟೆಯನ್ನು. ಮ್ಯಾನೇಜರ್ ಉಳಿಸುವ ಬೀಜಕ್ಕೆ ಬೇರೆಯವರ ವರ್ಷಗಳು ಖರ್ಚಾಗುತ್ತವೆ, ಅದೂ ಅವರನ್ನು ಕೇಳದೆ. ಮಾಲೀಕನ ಲೆಕ್ಕ ದಶಕಗಳದ್ದು, ಅಭಿಮಾನಿಯದು ಜೀವಮಾನದ್ದು. ಆಟಗಾರನಿಗೆ ಇರುವುದು ಕೈಬೆರಳೆಣಿಕೆಯ ಋತುಗಳು. ‘ತಂಡದ ದೀರ್ಘಕಾಲದ ಹಿತ’ ಎಂದು ಹೇಳಿದಾಗ ಆ ‘ತಂಡ’ದೊಳಗೆ ಇವತ್ತು ಆಡುತ್ತಿರುವವನೇ ಇರುವುದಿಲ್ಲ. ಅವನ ಪ್ರಾಮಾಣಿಕ ಪ್ರಯತ್ನ ಬೇಕು, ಆದರೆ ಅದು ವಿಫಲವಾಗಲೆಂದೇ ಬೇಕು. ಆಟಗಾರರು ಮೈಗಳ್ಳತನ ಮಾಡಿದ್ದರೆ ಲೀಗ್ ಹಿಡಿದು ಶಿಕ್ಷಿಸುತ್ತಿತ್ತು. ಅವರು ನಿಯತ್ತಾಗಿ ಆಡುವುದರಿಂದಲೇ ಮೇಲಿನವರ ಹೂಟ ಬಚಾವಾಗುತ್ತದೆ. ಅನ್ಯಾಯದ ಮೊನೆ ಇಲ್ಲಿದೆ ಎಂಬುದು ನನ್ನ ವಾದ.

2012ರ ಲಂಡನ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಮಹಿಳೆಯರ ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಮುಂದಿನ ಹಂತಕ್ಕೆ ಅನುಕೂಲದ ಎದುರಾಳಿ ಸಿಗಲೆಂದು ಜೋಡಿಗಳು ಸರ್ವಿಸ್‌ಗಳನ್ನೇ ನೆಟ್‌ಗೆ ಹೊಡೆದವು. ಪ್ರೇಕ್ಷಕರು ಕೂಗಾಡಿದರು. ಚೀನಾದ ಒಂದು, ದಕ್ಷಿಣ ಕೊರಿಯಾದ ಎರಡು, ಇಂಡೊನೇಷ್ಯಾದ ಒಂದು, ಹೀಗೆ ನಾಲ್ಕು ಜೋಡಿಗಳನ್ನು ಹೊರಹಾಕಿದರು. ಅದೇ ಕೂಟದಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಮೂರರಲ್ಲಿ ಎರಡು ಪಂದ್ಯ ಗೆದ್ದೂ ಪಾಯಿಂಟ್ ಲೆಕ್ಕದಲ್ಲಿ ಕೂದಲೆಳೆಯಷ್ಟು ಹಿಂದೆ ಬಿದ್ದು ಮನೆಗೆ ಬಂದರು. ತಮ್ಮ ಗುಂಪಿನಲ್ಲಿ ಜಪಾನ್ ತೈಪೆಗೆ ಸೋತ ಪಂದ್ಯದ ಬಗ್ಗೆ ಭಾರತ ದೂರು ಕೊಟ್ಟಿತು, ಅದು ಬಿದ್ದುಹೋಯಿತು. ಲಂಡನ್ನಿನಲ್ಲಿ ಸೋಲಲು ಹೊರಟದ್ದು ಆಡುವವರ ಕೈ, ಹಾಗಾಗಿ ಎಲ್ಲರ ಕಣ್ಣಿಗೂ ಬಿತ್ತು. ಎನ್‌ಎಚ್‌ಎಲ್‌ನಲ್ಲಿ ಕೈ ಶುದ್ಧ, ತಲೆ ಮಾತ್ರ ಬೇರೆ ಕಡೆ ಇದೆ. ಅದನ್ನು ಹಿಡಿಯುವ ಅಂಪೈರ್ ಯಾರು?

ಲೀಗ್ ಹಿಡಿಯಲು ಹೋದದ್ದೂ ಉಂಟು, ಅದೊಂದು ತಮಾಷೆ. 1992–93ರಲ್ಲಿ ಆಟವಾ ಸೆನೆಟರ್ಸ್ ಹತ್ತು ಪಂದ್ಯ ಗೆದ್ದು ಎಪ್ಪತ್ತು ಸೋತಿತು. ಸೋಲಿನ ಹಿಂದೆ ಹೂಟವಿತ್ತೆಂಬ ಅರ್ಥ ಬರುವ ಮಾತು ಮಾಲೀಕರ ಬಾಯಿಂದ ಜಾರಿತು. ವಿಚಾರಣೆ ನಡೆದು, ಬೇಕಂತಲೇ ಸೋತದ್ದಕ್ಕೆ ಪುರಾವೆಯಿಲ್ಲವೆಂದು ತೀರ್ಮಾನವಾಯಿತು. ಆಡಿದ ಮಾತಿಗೆ ಒಂದು ಲಕ್ಷ ಡಾಲರ್ ದಂಡ ಬಿತ್ತು. ಹೊಟ್ಟೆಯೊಳಗೆ ಏನಿದ್ದರೂ ಸರಿ, ಬಾಯಿ ಬಿಡಬೇಡಿ ಎಂದಂತಾಯಿತು. ಇಷ್ಟೆಲ್ಲ ಆಗಿ ಅವರು ಮೊದಲಿಗನಾಗಿ ಆರಿಸಿಕೊಂಡ ಅಲೆಕ್ಸಾಂಡರ್ ಡೇಗ್ಲ್ ನಿರೀಕ್ಷೆ ಮುಟ್ಟಲೇ ಇಲ್ಲ. ಎರಡನೆಯವನಾಗಿ ಬೇರೆ ತಂಡಕ್ಕೆ ಹೋದ ಕ್ರಿಸ್ ಪ್ರಾಂಗರ್ ಹಾಲ್ ಆಫ್ ಫೇಮ್ ಸೇರಿದರು.

1995ರಿಂದ ಲಾಟರಿ ಬಂತು. ಕೊನೆಯವನಿಗೆ ಮೊದಲ ಆಯ್ಕೆ ಖಚಿತವಿಲ್ಲ, ಸಾಧ್ಯತೆ ಮಾತ್ರ ಹೆಚ್ಚು. ಈಗಿನ ನಿಯಮದಲ್ಲಿ ಅದು ಶೇ 25.5. ಬಫಲೋಗೆ 2015ರಲ್ಲಿ ಕೈಕೊಟ್ಟದ್ದು ಈ ಲಾಟರಿಯೇ. ಶೇ 11.5ರ ಅವಕಾಶವಿದ್ದ ಎಡ್ಮಂಟನ್‌ಗೆ ಮೆಕ್‌ಡೇವಿಡ್ ಒಲಿದ. ಆ ಎಡ್ಮಂಟನ್ 2010, 2011, 2012ರಲ್ಲಿ ಸತತ ಮೂರು ಸಲ ಮೊದಲ ಆಯ್ಕೆ ಪಡೆದೂ ಕೆಳಗೇ ಇದ್ದ ತಂಡ. ಬಫಲೋಗೆ ಸಿಕ್ಕಿದ ಜ್ಯಾಕ್ ಐಕೆಲ್ 2021ರಲ್ಲಿ ಲಾಸ್ ವೇಗಸ್‌ಗೆ ಹೋಗಿ, 2023ರಲ್ಲಿ ಅಲ್ಲಿ ಲೀಗಿನ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಎತ್ತಿದರು. ಬಫಲೋ 2012ರಿಂದ 2025ರವರೆಗೆ ಹದಿನಾಲ್ಕು ಋತು ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. ಚಪ್ಪಾಳೆ ತಟ್ಟಿದವರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ; ಹೇಳಿದರೆ ಪಿಟ್ಸ್‌ಬರ್ಗ್‌ನ ಕಡೆಯನ್ನೂ ಹೇಳಬೇಕು. ಲೆಮ್ಯೂ ತನ್ನ ಮೊದಲ ಪಂದ್ಯದ ಮೊದಲ ಹೊಡೆತದಲ್ಲೇ ಗೋಲು ಗಳಿಸಿ, 1991 ಮತ್ತು 1992ರಲ್ಲಿ ಕಪ್ ತಂದುಕೊಟ್ಟು, ಆಮೇಲೆ ದಿವಾಳಿಯೆದ್ದ ತಂಡವನ್ನು 1999ರಲ್ಲಿ ತಾನೇ ಕೊಂಡು ಊರಿನಲ್ಲಿ ಉಳಿಸಿದರು. ಫಲ ನೋಡಿ ಧರ್ಮ ಹೇಳುವುದಾದರೆ 1984ರ ಹೂಟಕ್ಕೆ ಹಾರ ಹಾಕಬೇಕಾಗುತ್ತದೆ. ನಾನು ಹಾಕಲಾರೆ.

ಹಾಗಾದರೆ ಹಿಂದೆ ಬಿದ್ದವನಿಗೆ ಆಸರೆ ಕೊಡುವುದೇ ತಪ್ಪೇ? ಈ ತೀರ್ಮಾನಕ್ಕೆ ಹಾರುವವರು ಬಹಳ ಮಂದಿ ಇದ್ದಾರೆ, ಆಟದಾಚೆಗೂ ಇದ್ದಾರೆ. ಕಾರು ಇಟ್ಟುಕೊಂಡವನ ಬಳಿ ಬಿಪಿಎಲ್ ಕಾರ್ಡ್ ಸಿಕ್ಕಿತೆಂದು ರೇಷನ್ ಅಂಗಡಿ ಮುಚ್ಚಿಸುತ್ತಾರೆಯೇ? ಅಳೆಯುವ ಕೋಲು ಸರಿಮಾಡಬೇಕು. ಎನ್‌ಎಚ್‌ಎಲ್‌ನ ಕೋಲು ಸೋಲನ್ನು ಅಳೆಯುತ್ತದೆ, ಸೋಲನ್ನು ಕೋಣೆಯಲ್ಲಿ ಕೂತು ತಯಾರಿಸಬಹುದು. 2024ರಲ್ಲಿ ಶುರುವಾದ ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ ಬೇರೆ ಕೋಲು ಹಿಡಿದಿದೆ. ಆಡಂ ಗೋಲ್ಡ್ ಎಂಬವರು ಸೂಚಿಸಿದ ವಿಧಾನ ಅದು. ಪ್ಲೇಆಫ್ ದಾರಿ ಪೂರ್ತಿ ಮುಚ್ಚಿದ ಮೇಲೆ ತಂಡ ಗಳಿಸುವ ಅಂಕಗಳನ್ನು ಬೇರೆಯಾಗಿ ಎಣಿಸುತ್ತಾರೆ. ಹೆಚ್ಚು ಗಳಿಸಿದವರಿಗೆ ಮೊದಲ ಆಯ್ಕೆ. ನಿಜಕ್ಕೂ ದುರ್ಬಲವಾದ ತಂಡ ಬೇಗ ಹೊರಬೀಳುವುದರಿಂದ ಅಂಕ ಸೇರಿಸಲು ಅದಕ್ಕೆ ಹೆಚ್ಚು ಪಂದ್ಯ ಸಿಗುತ್ತವೆ. ಮೊದಲ ವರ್ಷವೇ ಪಟ್ಟಿಯ ಕೊನೆಯಲ್ಲಿದ್ದ ನ್ಯೂಯಾರ್ಕ್ ಈ ಲೆಕ್ಕದಲ್ಲೂ ಮೊದಲ ಆಯ್ಕೆ ಪಡೆದು ಸಾರಾ ಫಿಲಿಯರ್ ಅವರನ್ನು ಕರೆದುಕೊಂಡಿತು. ಬೇಗ ಹೊರಬೀಳಲೆಂದೇ ಆರಂಭದಲ್ಲಿ ಸೋಲುವ ಜಾಣರು ಹುಟ್ಟಬಹುದು, ನಿಜ. ಆದರೂ ಮಾರ್ಚ್ ತಿಂಗಳಲ್ಲಿ ಗೋಲಿಯನ್ನು ಮಾರುವ ಆಸೆ ಇಲ್ಲಿ ಯಾರಿಗೂ ಬರುವುದಿಲ್ಲ. ಸಾರಥಿ ಮತ್ತು ಬಿಲ್ಲುಗಾರ ಇಬ್ಬರಿಗೂ ಗೆಲುವೇ ಬೇಕು.

ಕೊಡಗಿನ ಕೌಟುಂಬಿಕ ಹಾಕಿಯಲ್ಲಿ ಈ ತೊಡಕೇ ಇಲ್ಲ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಮನೆತನಗಳು ಆಡಿದವು. ಒಕ್ಕ, ಅಂದರೆ ಮನೆತನ, ಹುಟ್ಟಿನಿಂದ ಬಂದದ್ದು, ಡ್ರಾಫ್ಟ್ ಮಾಡಲು ಬರುವುದಿಲ್ಲ, ಸೋತವನಿಗೆ ಮನೆ ದಾರಿ. ಆದರೆ ವರ್ಷಕ್ಕೊಮ್ಮೆಯ ಹಬ್ಬದ ನಿಯಮವನ್ನು ದುಡ್ಡಿನ ಲೀಗಿಗೆ ಹೊಂದಿಸಲಾಗದು. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಕೊನೆಯ ಮೂವರನ್ನು ಕೆಳದರ್ಜೆಗೆ ತಳ್ಳುತ್ತಾರೆ, ಅಲ್ಲೂ ಯಾರೂ ಸೋಲನ್ನು ಬಯಸುವುದಿಲ್ಲ; ಬದಲಿಗೆ ಹಣವಂತರೇ ಮತ್ತೆ ಮತ್ತೆ ಗೆಲ್ಲುತ್ತಾರೆ. ಎನ್‌ಎಚ್‌ಎಲ್‌ನ ಮಾಲೀಕರು ಕೆಳದರ್ಜೆಯ ಭಯವನ್ನು ತೆಗೆದುಹಾಕಿ ಕೊನೆಯ ಸ್ಥಾನಕ್ಕೆ ಬಹುಮಾನವನ್ನೂ ಇಟ್ಟುಕೊಂಡಿದ್ದಾರೆ. ಎರಡೂ ಅವರದೇ ಕೈಯ ಕೆಲಸ. ಹಾಗಿರುವಾಗ ಸೋಲುವ ತಂಡವನ್ನು ಬೈಯುವ ಹಕ್ಕು ಲೀಗಿಗೆ ಕಡಿಮೆ.

1984ರ ಜೂನ್ 9ರಂದು ಮಾಂಟ್ರಿಯಲ್‌ನಲ್ಲಿ ಹೆಸರು ಕೂಗಿದಾಗ ಲೆಮ್ಯೂ ಪೆಂಗ್ವಿನ್ಸ್ ಜರ್ಸಿ ತೊಡಲು ಒಪ್ಪಲಿಲ್ಲ. ಸಂಬಳದ ಮಾತು ಇನ್ನೂ ಕುದುರಿರಲಿಲ್ಲ. ಕೆಲವೇ ದಿನಗಳಲ್ಲಿ ಕುದುರಿತು. ಅವನನ್ನು ಗಳಿಸಿಕೊಡಲು ಗೋಲಿನ ಬಾಯಲ್ಲಿ ನಿಲ್ಲಿಸಿದ್ದ ವಿನ್ಸೆಂಟ್ ಟ್ರೆಂಬ್ಲೆ ಆ ನಾಲ್ಕು ಪಂದ್ಯಗಳ ನಂತರ ಎನ್‌ಎಚ್‌ಎಲ್‌ನಲ್ಲಿ ಮತ್ತೆ ಆಡಲಿಲ್ಲ.