ಗೇಟಿಲ್ಲದ ಸ್ಟೇಷನ್ನು

ಸ್ವಿಟ್ಜರ್ಲೆಂಡಿನಲ್ಲಿ ಟ್ರೈನ್ ಟಿಕೆಟ್ಟಿನ ಬೆಲೆ ನೋಡಿದ ಕೂಡಲೇ ನಮ್ಮ ತಲೆ ಮಾಡೋ ಮೊದಲ ಕೆಲಸ ಫ್ರಾಂಕನ್ನು ರೂಪಾಯಿಗೆ ಗುಣಿಸೋದು. ಎರಡನೆಯದು ಉಳಿಸೋ ದಾರಿ ಹುಡುಕೋದು. ದಾರಿಗಳೇನೋ ಇವೆ. ಹಾಫ್ ಫೇರ್ ಕಾರ್ಡ್ ಇದ್ದರೆ ಹೆಚ್ಚಿನ ಕಡೆ ಅರ್ಧ ದರ. ಸೇವರ್ ಡೇ ಪಾಸ್ ಮುಂಚಿತವಾಗಿ ತಗೊಂಡಷ್ಟೂ ಅಗ್ಗ. ಬಾಸೆಲ್, ಬರ್ನ್, ಜಿನೀವಾಗಳಲ್ಲಿ ಹೋಟೆಲಿನಲ್ಲಿ ಉಳಿದರೆ ಊರೊಳಗಿನ ಟ್ರಾಮ್, ಬಸ್ಸು ಪುಕ್ಕಟೆ. (ಹೋಟೆಲ್ ಬಿಲ್ಲಿನಲ್ಲಿ ಪ್ರವಾಸಿ ತೆರಿಗೆ ಅಂತ ಒಂದು ಸಾಲು ಇರುತ್ತೆ, ಅದನ್ನ ಮರೆತರೆ ಪುಕ್ಕಟೆ.)

ಇನ್ನೊಂದು ದಾರಿಯನ್ನ ಸ್ನೇಹಿತರು ಮೆಲ್ಲಗೆ ಹೇಳ್ತಾರೆ: ಟಿಕೆಟ್ಟೇ ತಗೋಬೇಡ. ಅಲ್ಲಿನ ಸ್ಟೇಷನ್‌ಗಳಲ್ಲಿ ನಮ್ಮ ಮೆಟ್ರೋ ಥರ ಗೇಟಿಲ್ಲ. ಊರೊಳಗಿನ ಟ್ರಾಮ್‌ಗಳಲ್ಲಿ ಚೆಕಿಂಗ್ ಯಾವಾಗಲೋ ಒಮ್ಮೆ. ಸಿಕ್ಕಿಬಿದ್ದರೆ ಸುಮಾರು 100 ಫ್ರಾಂಕ್ ದಂಡ. ವಾರವಿಡೀ ಓಡಾಡಿ ಒಮ್ಮೆ ಸಿಕ್ಕರೂ ನಷ್ಟವಿಲ್ಲ ಅನ್ನೋದು ಅವರ ಲೆಕ್ಕ.

ಗಣಿತ ಸರಿಯೇ ಇರಬಹುದು. ಆದರೆ ಈ ಲೆಕ್ಕ ದಂಡವನ್ನೂ ಒಂದು ಟಿಕೆಟ್ ದರ ಅಂತಲೇ ಓದುತ್ತೆ. ಅಲ್ಲೇ ಬದುಕೋರು ಎರಡನೇ, ಮೂರನೇ ಸಲ ಸಿಕ್ಕಿಬಿದ್ದರೆ ದಂಡ ಏರುತ್ತಾ ಹೋಗುತ್ತೆ. ನಾವು ಅಷ್ಟರಲ್ಲಿ ವಿಮಾನ ಹತ್ತಿರ್ತೀವಿ. ಗುರುತಿಲ್ಲದ ಊರು ಅನ್ನೋದೊಂದೇ ನಮ್ಮ ಧೈರ್ಯ. "ಶ್ರೀಮಂತ ದೇಶ, ಅವರಿಗೇನು ಕಡಿಮೆ?" ಅಂತಾರೆ. ಬೆಳಗಿನ ಜಾವ ಹೋಟೆಲ್ ರೂಮು ಗುಡಿಸೋಕೆ ಹೋಗೋ ಹೆಂಗಸು ಕೂಡ ಅದೇ ಟ್ರಾಮಿನಲ್ಲಿ ಪಾಸ್ ಇಟ್ಕೊಂಡು ಕೂತಿರ್ತಾಳೆ.

ನಾನು ಎರಡು ಸ್ಟಾಪಿನ ದೂರ ಇದ್ದರೆ ನಡೀತೀನಿ. ಮಧ್ಯಾಹ್ನಕ್ಕೆ ಸೂಪರ್‌ಮಾರ್ಕೆಟ್ ಬ್ರೆಡ್ಡು, ಬಾಳೆಹಣ್ಣು ಸಾಕು. ಜೊತೆಗಿದ್ದೋರು ಜಿಪುಣ ಅಂದರೆ ಅನ್ನಲಿ.